ಹಳೇ ಥ್ರೆಡ್ ಮೇಲೆ ಬರುತ್ತದೆ, ನನ್ನದು ಕೆಳಗೆ ಹೋಗುತ್ತದೆ. ಈ "ಬಂಪ್" ಅಂದರೆ ಏನು ಮಾರಾಯ್ರೆ?

ಮುಲುಂಡ್_ಮಾಮಿ · ಸೋಮವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಒಂದು ದಡ್ಡ ಪ್ರಶ್ನೆ, ನಗಬೇಡಿ.

ಶುಕ್ರವಾರ ನಾನು ನಮ್ಮ ಈ ಚರ್ಚಾ ವೇದಿಕೆಯಲ್ಲಿ ಒಂದು ಥ್ರೆಡ್, ಅಂದರೆ ಒಂದು ಪ್ರಶ್ನೆಯ ಎಳೆ, ಹಾಕಿದ್ದೆ. "ಪತ್ರೊಡೆಗೆ ಕೆಸುವಿನ ಎಲೆ ಮುಂಬೈಯಲ್ಲಿ ಎಲ್ಲಿ ಸಿಗುತ್ತದೆ?" ಅಂತ. ಆಷಾಢ ಶುರುವಾಗಿದೆ, ಮಳೆ ಹೊಯ್ಯುತ್ತಿದೆ, ಯಜಮಾನರಿಗೆ ಪತ್ರೊಡೆ ಬೇಕಂತೆ. ಒಬ್ಬರೂ ಉತ್ತರ ಕೊಡಲಿಲ್ಲ. ಇವತ್ತು ಹುಡುಕಿದರೆ ನನ್ನ ಥ್ರೆಡ್ ಮೂರನೇ ಪುಟದಲ್ಲಿ ಬಿದ್ದಿದೆ.

ಹೋಗಲಿ, ಎಲ್ಲರೂ ಬ್ಯುಸಿ. ಆದರೆ ಎಲ್ಲಕ್ಕಿಂತ ಮೇಲೆ ಏನು ಕೂತಿತ್ತು ಗೊತ್ತಾ? "ಡೊಂಬಿವ್ಲಿ ಪೂರ್ವದಲ್ಲಿ ಒನ್ ಬಿಎಚ್‌ಕೆ ಬಾಡಿಗೆಗೆ ಇದೆ." ಮೇಲೆ ಇದೆ ಅಂದರೆ ಹೊಸದು ಅಂತ ತಿಳಿದು ನನ್ನ ಅಕ್ಕನ ಮಗನಿಗಾಗಿ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಆ ಮನುಷ್ಯ "ಅಮ್ಮಾ, ಆ ಮನೆ ಮಾರಿ ನಾಲ್ಕು ವರ್ಷ ಆಯ್ತು, ನೀವು ಇವತ್ತು ಫೋನ್ ಮಾಡಿದ ಐದನೆಯವರು" ಅಂದ. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದೆ. ಥ್ರೆಡ್ 2019ರದ್ದು! ಭಾನುವಾರ ಯಾರೋ ಪುಣ್ಯಾತ್ಮ ಕೆಳಗೆ "ಇನ್ನೂ ಖಾಲಿ ಇದೆಯಾ?" ಅಂತ ಕೇಳಿದ್ದಾನೆ. ಅಷ್ಟಕ್ಕೇ ಅದು ಮೇಲೆ ಬಂದಿದೆ.

ಮಗನ ಹತ್ತಿರ ಹೇಳಿದರೆ "ಅಮ್ಮಾ, ನೀನೂ ಬಂಪ್ ಮಾಡು" ಅಂತ ಹೇಳಿ ಇಯರ್‌ಫೋನ್ ಹಾಕಿಕೊಂಡ. ನನಗೆ ಗೊತ್ತಿರುವ ಬಂಪ್ ಅಂದರೆ ರಸ್ತೆಯ ಉಬ್ಬು. ಇಲ್ಲಿ ಅದಕ್ಕೇನು ಕೆಲಸ?

---

ಘಾಟ್ಕೋಪರ್_ಕೋಡ್ · ಸೋಮವಾರ, ರಾತ್ರಿ 10:20

ಮಾಮಿ, ದಡ್ಡ ಪ್ರಶ್ನೆ ಅಲ್ಲ. ಮೊದಲು ಒಂದು ಮಾತು. ನಿಮ್ಮ ಪ್ರಶ್ನೆ ಚೆನ್ನಾಗಿಲ್ಲ ಅಂತ ಯಾರೂ ಅದನ್ನು ಕೆಳಗೆ ತಳ್ಳಿಲ್ಲ. ಇಲ್ಲಿ ತಳ್ಳುವವರು ಯಾರೂ ಇಲ್ಲ, ಇರುವುದು ಗಡಿಯಾರ ಒಂದೇ.

ಪ್ರತಿ ಥ್ರೆಡ್‌ಗೂ ಡೇಟಾಬೇಸಿನಲ್ಲಿ ಒಂದು ಸಾಲು ಇರುತ್ತದೆ. ಹೆಸರು, ಶುರು ಮಾಡಿದವರು, ಶುರುವಾದ ಸಮಯ ಹೀಗೆ. ಅದರಲ್ಲೇ ಇನ್ನೊಂದು ಖಾನೆ: ಕೊನೆಯ ಪೋಸ್ಟ್ ಬಂದ ಸಮಯ. ಯಾರಾದರೂ ಉತ್ತರ ಬರೆದರೆ ಆ ಖಾನೆಯ ಸಮಯ ಬದಲಾಗುತ್ತದೆ. ನೀವು ಪುಟ ತೆರೆದಾಗ ಸಾಫ್ಟ್‌ವೇರ್ ಮಾಡುವುದು ಒಂದೇ ಕೆಲಸ. ಆ ಖಾನೆ ನೋಡಿ ಇತ್ತೀಚಿನದನ್ನು ಮೇಲಿಟ್ಟು, ಹಳೆಯದನ್ನು ಕೆಳಗಿಟ್ಟು, ಮೊದಲ 25 ತೋರಿಸುವುದು. ಥ್ರೆಡ್ ಯಾವಾಗ ಹುಟ್ಟಿತು ಅಂತ ಅದು ನೋಡುವುದೇ ಇಲ್ಲ.

ಹಾಗಾಗಿ 2019ರ ಥ್ರೆಡ್‌ಗೆ ನಿನ್ನೆ ಒಂದು ಸಾಲು ಬಂದರೆ ಅದರ ವಯಸ್ಸು ಒಂದು ದಿನ. ಉತ್ತರವೇ ಇಲ್ಲದ ನಿಮ್ಮ ಥ್ರೆಡ್‌ನ ವಯಸ್ಸು ಮೂರು ದಿನ. ಮಷೀನಿನ ಲೆಕ್ಕದಲ್ಲಿ ನಿಮ್ಮದೇ ಹಳೆಯದು!

ಹೀಗೆ ಉತ್ತರ ಬರೆದು ಥ್ರೆಡ್ಡನ್ನು ಮೇಲೆ ತರುವುದೇ ಬಂಪ್. ಏನೂ ಹೇಳಲು ಇಲ್ಲದೆ, ಬರೀ ಮೇಲೆ ತರಲು "ಬಂಪ್" ಅಂತ ಒಂದೇ ಪದ ಬರೆಯುವವರೂ ಇದ್ದಾರೆ. ಅದು ಯಾವುದೋ ಉದ್ದ ವಾಕ್ಯದ ಮೊದಲಕ್ಷರಗಳು ಅಂತ ಕೆಲವರು ಹೇಳುತ್ತಾರೆ. ಅದು ಆಮೇಲೆ ಹೊಂದಿಸಿದ ಕಥೆ. ಇಂಗ್ಲಿಷಿನಲ್ಲಿ ಗುದ್ದಿ ಜಾಗ ಬದಲಿಸುವುದಕ್ಕೆ ಆ ಪದ ಮೊದಲೇ ಇತ್ತು.

---

ಗಲ್ಲಾ_ಮೇಲಿಂದ · ಸೋಮವಾರ, ರಾತ್ರಿ 11:35

ಹೋಟೆಲ್ ಬಾಗಿಲು ಹಾಕಿ ಈಗ ಬಂದೆ. ಕೋಡ್ ತಮ್ಮ ಹೇಳಿದ್ದು ಸರಿ, ಆದರೆ ಡೇಟಾಬೇಸು ಖಾನೆ ಅಂದರೆ ಮಾಮಿಗೆ ನಿದ್ದೆ ಬರುತ್ತದೆ. ನಾನು ಹೇಳುತ್ತೇನೆ.

ನಾನು ಮುಂಬೈಗೆ ಬಂದಾಗ ಮಾಟುಂಗಾದಲ್ಲಿ ಟೇಬಲ್ ಒರೆಸುತ್ತಿದ್ದೆ. ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ಅಡುಗೆ ಭಟ್ರ ಎದುರು ಆರ್ಡರ್ ಚೀಟಿ ರಾಶಿ ಬೀಳುತ್ತಿತ್ತು. ಚುಚ್ಚುವ ಕಡ್ಡಿ ಒಂದು, ಅದರ ಮೇಲೆ ಚೀಟಿ ಮೇಲೆ ಚೀಟಿ. ಭಟ್ರಿಗೆ ಕಾಣುವುದು ಮೇಲಿನ ಚೀಟಿ ಮಾತ್ರ. ಮೂಲೆ ಟೇಬಲಿನ ಪಾಪದ ಅಜ್ಜನ ರವಾ ದೋಸೆ ಅಡಿಯಲ್ಲಿ. ಅವರು ಬಾಯಿ ಬಿಡುವವರಲ್ಲ. ಪಕ್ಕದ ಟೇಬಲಿನವನು ಈಗಷ್ಟೇ ಬಂದವನು, "ಏ, ನನ್ನದು ಎಲ್ಲಿ?" ಅಂತ ಗದರಿದರೆ ವೇಟರ್ ಹೋಗಿ ಅವನ ಚೀಟಿ ತೆಗೆದು ಮತ್ತೆ ಮೇಲೆ ಚುಚ್ಚುತ್ತಿದ್ದ. ಅವನ ದೋಸೆ ಮೊದಲು.

ನೋಡಿ ಮಾಮಿ, ಅದೇ ಬಂಪ್. ಭಟ್ರದ್ದು ತಪ್ಪಿಲ್ಲ. ಅವರ ಕೈಗೆ ಸಿಗುವುದು ಮೇಲಿನ ಚೀಟಿ. ಈಗ ನಮ್ಮಲ್ಲಿ ಸ್ಕ್ರೀನ್ ಬಂದಿದೆ, ಮೊದಲು ಬಂದ ಆರ್ಡರ್ ಮೊದಲು ಕಾಣುತ್ತದೆ. ಈ ವೇದಿಕೆ ಇನ್ನೂ ಕಡ್ಡಿಯ ಕಾಲದಲ್ಲೇ ಇದೆ.

---

ಮುಲುಂಡ್_ಮಾಮಿ · ಮಂಗಳವಾರ, ಬೆಳಗ್ಗೆ 6:40

ಈಗ ಅರ್ಥ ಆಯಿತು! ಮೂಲೆ ಟೇಬಲಿನ ಅಜ್ಜ ಅಂದರೆ ನಾನು.

ಆದರೆ ಒಂದು ಸಂಶಯ. ನಾನು ಶನಿವಾರ ನನ್ನ ಪೋಸ್ಟ್ ತಿದ್ದಿದ್ದೆ. "ಮರಕೆಸು ಆದರೂ ಆದೀತು" ಅಂತ ಸೇರಿಸಿದ್ದೆ. ಆಗ ಯಾಕೆ ಮೇಲೆ ಬರಲಿಲ್ಲ? ಎರಡು ಜನ ಲೈಕ್ ಕೂಡ ಒತ್ತಿದ್ದಾರೆ.

---

ಘಾಟ್ಕೋಪರ್_ಕೋಡ್ · ಮಂಗಳವಾರ, ಬೆಳಗ್ಗೆ 8:15

(ಲೋಕಲಿನಲ್ಲಿ ನಿಂತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.)

ಲೈಕ್ ಒತ್ತಿದರೆ ಕೊನೆಯ ಪೋಸ್ಟಿನ ಸಮಯ ಬದಲಾಗುವುದಿಲ್ಲ. ಓದಿದರೂ ಬದಲಾಗುವುದಿಲ್ಲ. ಸಾವಿರ ಜನ ಓದಿ ಸುಮ್ಮನೆ ಹೋದರೂ ಥ್ರೆಡ್ ಅಲ್ಲೇ ಇರುತ್ತದೆ.

ತಿದ್ದುವುದು ಮಾತ್ರ ಸಾಫ್ಟ್‌ವೇರಿನಿಂದ ಸಾಫ್ಟ್‌ವೇರಿಗೆ ಬೇರೆ. ನಮ್ಮಂಥ ಹಳೇ ಮಾದರಿಯವುಗಳಲ್ಲಿ ತಿದ್ದಿದರೆ ಜಾಗ ಬದಲಾಗುವುದಿಲ್ಲ. 2013ರಲ್ಲಿ ಬಂದ, ಇಂಥದೇ ವೇದಿಕೆ ನಡೆಸುವ ಸಾಫ್ಟ್‌ವೇರ್ ಆದ ಡಿಸ್ಕೋರ್ಸ್‌ನಲ್ಲಿ ಥ್ರೆಡ್ಡಿನ ಕೊನೆಯ ಪೋಸ್ಟ್ ತಿದ್ದಿದರೆ ಮೇಲೆ ಬರುತ್ತದೆ, ಮಧ್ಯದ್ದು ತಿದ್ದಿದರೆ ಬರುವುದಿಲ್ಲ. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣವಾದ ಸ್ಟಾಕ್ ಓವರ್‌ಫ್ಲೋದಲ್ಲಿ ಪ್ರಶ್ನೆಯನ್ನೋ ಉತ್ತರವನ್ನೋ ಯಾರು ತಿದ್ದಿದರೂ ಪ್ರಶ್ನೆ ಚಟುವಟಿಕೆಯ ಪಟ್ಟಿಯಲ್ಲಿ ಮೇಲೆ ಬರುತ್ತದೆ. ಅಷ್ಟೇ ಅಲ್ಲ, ಸರಿಯಾದ ಉತ್ತರ ಸಿಗದೆ ಬಿದ್ದಿರುವ ಹಳೇ ಪ್ರಶ್ನೆಗಳನ್ನು ಆಗಾಗ ಮೇಲೆತ್ತಲು ಅಲ್ಲಿ ಒಂದು ಬಾಟ್, ಅಂದರೆ ತಾನಾಗಿ ಓಡುವ ಪ್ರೋಗ್ರಾಂ, ಇದೆ. ಮೂಲೆ ಟೇಬಲಿನ ಅಜ್ಜಂದಿರ ಪರವಾಗಿ ಕೂಗು ಹಾಕುವ ವೇಟರ್ ಅನ್ನಿ.

ಇನ್ನೊಂದು ತಮಾಷೆ. ಕೊನೆಯ ಉತ್ತರವನ್ನು ಅಳಿಸಿದರೆ ಥ್ರೆಡ್ ವಾಪಸ್ ಹಳೇ ಜಾಗಕ್ಕೇ ಬೀಳುತ್ತದೆ. ಯಾಕೆಂದರೆ ಆಗ ಕೊನೆಯ ಪೋಸ್ಟ್ ಅಂದರೆ ಅದಕ್ಕಿಂತ ಹಿಂದಿನದು. ಡೊಂಬಿವ್ಲಿ ಥ್ರೆಡ್ಡಿನ "ಇನ್ನೂ ಖಾಲಿ ಇದೆಯಾ" ಅಳಿಸಿಬಿಟ್ಟರೆ ಅದು ನೇರ 2019ಕ್ಕೆ ಹೋಗುತ್ತದೆ. ಮಾಡರೇಟರ್, ಕೇಳಿಸುತ್ತಿದೆಯಾ?

---

ಬೋರಿವ್ಲಿ_ಫಾಸ್ಟ್ · ಮಂಗಳವಾರ, ಮಧ್ಯಾಹ್ನ 1:05

ನೀವೆಲ್ಲ ದೋಸೆ ಕಥೆ ಹೇಳುತ್ತಾ ಕೂತಿದ್ದೀರಿ. ನನಗೆ ಈ ಬಂಪಿನಿಂದ ಆದ ನಷ್ಟ ಕೇಳಿ.

ಹೋದ ವರ್ಷ ಚೌತಿಗೆ ಊರಿಗೆ ಹೋಗಬೇಕಿತ್ತು. ಮತ್ಸ್ಯಗಂಧ ರೈಲಿನ ಟಿಕೆಟ್ ಸಿಗುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತೇ ಇದೆ. ಜೂನ್ ತಿಂಗಳಲ್ಲಿ ಇಲ್ಲಿ ಬಂದು ನೋಡಿದರೆ ಮೊದಲ ಪುಟದಲ್ಲೇ ಒಂದು ಥ್ರೆಡ್. "ಹಬ್ಬಕ್ಕೆ ರೈಲು ಟಿಕೆಟ್: 120 ದಿನ ಮೊದಲೇ ಬುಕಿಂಗ್ ತೆರೆಯುತ್ತದೆ, ಬೆಳಗ್ಗೆ 8 ಗಂಟೆಗೆ ಕೂತುಕೊಳ್ಳಿ." ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. 120 ದಿನ ಯಾವತ್ತೋ ದಾಟಿದೆ, ಎಲ್ಲಾ ಮುಗಿದಿರುತ್ತದೆ ಅಂದುಕೊಂಡು ನೋಡಲೇ ಇಲ್ಲ. ಬಸ್ಸಿಗೆ ಎರಡೂವರೆ ಪಟ್ಟು ಕೊಟ್ಟು, ಬೆನ್ನು ಮುರಿದುಕೊಂಡು ಹೋದೆ.

ಆಮೇಲೆ ಗೊತ್ತಾಯಿತು. 2024ರ ನವೆಂಬರ್ 1ರಿಂದ ಅದು 60 ದಿನ ಆಗಿತ್ತು. ನಾನು ನೋಡುವಾಗ ಬುಕಿಂಗ್ ಇನ್ನೂ ತೆರೆದೇ ಇರಲಿಲ್ಲ! ಆ ಥ್ರೆಡ್ 2017ರದ್ದು. ಯಾರೋ "ಧನ್ಯವಾದಗಳು, ಉಪಯುಕ್ತ ಮಾಹಿತಿ" ಅಂತ ಬರೆದು ಮೇಲೆ ತಂದಿದ್ದ. ಉಪಯುಕ್ತವಂತೆ!

ನನ್ನ ಮಾತು ಇಷ್ಟೇ. ಒಂದು ವರ್ಷ ದಾಟಿದ ಥ್ರೆಡ್‌ಗೆ ಬೀಗ ಹಾಕಿ. ಸತ್ತದ್ದನ್ನು ಎಬ್ಬಿಸಬೇಡಿ.

---

ಧಾರವಾಡದಿಂದ_ಪುಣೆಗೆ · ಮಂಗಳವಾರ, ಮಧ್ಯಾಹ್ನ 2:30

ಬೋರಿವ್ಲಿ ಅಣ್ಣಾರ, ನಿಮ್ಮ ಸಿಟ್ಟು ಖರೇ ಐತಿ. ಆದರೆ ಬೀಗ ಹಾಕಿದ್ದರೆ ನಿಮ್ಮ ಪೇಚು ತಪ್ಪುತ್ತಿತ್ತು ಅಂತ ನನಗೆ ಅನಿಸುವುದಿಲ್ಲ ನೋಡ್ರಿ.

ನೀವು ಹೇಳಿದ ಮೇಲೆ ನಾನು ಇಲ್ಲಿನ ಎಲ್ಲಾ ರೈಲು ಟಿಕೆಟ್ ಥ್ರೆಡ್ ತೆಗೆದು ನೋಡಿದೆ. (ಆಫೀಸಿನಲ್ಲಿ ಇವತ್ತು ಕೆಲಸ ಕಡಿಮೆ.) 2014ರ ಒಂದು ಥ್ರೆಡ್ ಇದೆ. ಅದರಲ್ಲಿ 60 ದಿನ ಅಂತಲೇ ಇದೆ. ಯಾಕೆಂದರೆ ಆಗ 60 ದಿನವೇ ಇತ್ತು. 2015ರ ಏಪ್ರಿಲ್ 1ಕ್ಕೆ 120 ಆಯಿತು. 2024ರ ನವೆಂಬರಿನಲ್ಲಿ ಮತ್ತೆ 60. ಅಂದರೆ 2014ರ ಥ್ರೆಡ್ ಇವತ್ತಿಗೆ ಸರಿ, ಅದಕ್ಕಿಂತ ಹೊಸದಾದ 2017ರದ್ದು ತಪ್ಪು! ಹಳೆಯದು ಅಂದ ಮಾತ್ರಕ್ಕೆ ಕೆಟ್ಟದ್ದು ಅಂತ ಹೇಳುವುದು ಹೇಗೆ?

ನಿಮ್ಮನ್ನು ಹಾಳು ಮಾಡಿದ್ದು ಹಳೇ ಥ್ರೆಡ್ ಅಲ್ಲ, "ಧನ್ಯವಾದಗಳು" ಅಂದವನು. ಅವನು ಮೇಲೆ ತಂದ, ಆದರೆ ಹೊಸದೇನೂ ತರಲಿಲ್ಲ. ಅದೇ ಜಾಗದಲ್ಲಿ "ಈಗ ಇದು 60 ದಿನ ಆಗಿದೆ, ಎಚ್ಚರ" ಅಂತ ಒಂದು ಸಾಲು ಬರೆದಿದ್ದರೆ ಅದೇ ಬಂಪು ನಿಮಗೆ ಟಿಕೆಟ್ ಕೊಡಿಸುತ್ತಿತ್ತು. ಥ್ರೆಡ್‌ಗೆ ಬೀಗ ಬಿದ್ದಿದ್ದರೆ ಆ ಸಾಲು ಬರೆಯಲೂ ಆಗುತ್ತಿರಲಿಲ್ಲ. ಗೂಗಲಿನಲ್ಲಿ ಹುಡುಕಿದವನಿಗೆ 120 ಅಂತಲೇ ಕಾಣುತ್ತಿತ್ತು, ತಿದ್ದುವವರು ಯಾರೂ ಇಲ್ಲದೆ.

---

ಬೋರಿವ್ಲಿ_ಫಾಸ್ಟ್ · ಮಂಗಳವಾರ, ಮಧ್ಯಾಹ್ನ 2:48

ಹಾಗಾದರೆ ತಪ್ಪು ಯಾರದ್ದು? ತಾರೀಖು ನೋಡದ ನನ್ನದಾ?

---

ಧಾರವಾಡದಿಂದ_ಪುಣೆಗೆ · ಮಂಗಳವಾರ, ಮಧ್ಯಾಹ್ನ 2:51

ಅರ್ಧ ನಿಮ್ಮದು ರೀ. ಸಿಟ್ಟಾಗಬ್ಯಾಡ್ರಿ.

---

ಮೀರಾರೋಡ್_ಡಬ್ಬಿ · ಮಂಗಳವಾರ, ಸಂಜೆ 5:10

ಬಂಪ್ ಬಗ್ಗೆ ಚರ್ಚೆ ಅಂತ ನೋಡಿ ಬಂದೆ. ಮುಂದೆ ನನ್ನ ಹೆಸರು ಬರುವುದು ಹೇಗೂ ಖಂಡಿತ, ನಾನೇ ಹೇಳಿಬಿಡುತ್ತೇನೆ.

ದಿನಾ ಬೆಳಗ್ಗೆ ಒಂಬತ್ತಕ್ಕೆ "ಮನೆ ಊಟದ ಡಬ್ಬಿ, ಮೀರಾ ರೋಡ್‌ನಿಂದ ದಹಿಸರ್‌ವರೆಗೆ" ಥ್ರೆಡ್‌ನಲ್ಲಿ "ಮೇಲಕ್ಕೆ" ಅಂತ ಬರೆಯುವವಳು ನಾನೇ. ಕೆಲವರು ಗೊಣಗುತ್ತಾರೆ ಅಂತ ಗೊತ್ತು. ನಾನೇನು ಮಾಡಲಿ? ನನ್ನದು ಅಂಗಡಿ ಅಲ್ಲ, ಬೋರ್ಡ್ ಇಲ್ಲ. ಎರಡು ದಿನ ಬರೆಯದಿದ್ದರೆ ನಾಲ್ಕನೇ ಪುಟ. ನಾಲ್ಕನೇ ಪುಟಕ್ಕೆ ಹೋದ ವಾರ ಒಂದೂ ಹೊಸ ಫೋನ್ ಬರುವುದಿಲ್ಲ. ರಾತ್ರಿ ಬರೆದರೂ ಪ್ರಯೋಜನ ಇಲ್ಲ, ಬೆಳಗಾಗುವಷ್ಟರಲ್ಲಿ ಹತ್ತು ಥ್ರೆಡ್ ಮೇಲೆ ಕೂತಿರುತ್ತವೆ. ಜನ ಆಫೀಸಿಗೆ ಹೋಗುವಾಗ ಗಾಡಿಯಲ್ಲಿ ಮೊಬೈಲ್ ತೆಗೆಯುತ್ತಾರಲ್ಲ, ಆಗ ಕಾಣಬೇಕು. ಅದಕ್ಕೇ ಒಂಬತ್ತು.

---

ಬೋರಿವ್ಲಿ_ಫಾಸ್ಟ್ · ಮಂಗಳವಾರ, ಸಂಜೆ 5:32

ಅಕ್ಕಾ, ನಿಮ್ಮ ಊಟದ ಬಗ್ಗೆ ದೂರಿಲ್ಲ. ಆದರೆ ಆ ಥ್ರೆಡ್ ತೆರೆದರೆ ಹನ್ನೊಂದು ಪುಟ ಬರೀ "ಮೇಲಕ್ಕೆ". ನಿಮ್ಮ ಫೋನ್ ನಂಬರ್ ಹುಡುಕಲು ಐದು ನಿಮಿಷ ಬೇಕು. ಅದೂ ಅಲ್ಲದೆ ನೀವು ಒಬ್ಬರು ಮೇಲೆ ಬಂದರೆ ಇನ್ನೊಬ್ಬರು ಒಂದು ಮೆಟ್ಟಿಲು ಕೆಳಗೆ. ಮಾಮಿಯ ಕೆಸುವಿನ ಎಲೆ ಮೂರನೇ ಪುಟಕ್ಕೆ ಹೋದದ್ದರಲ್ಲಿ ನಿಮ್ಮ ಪಾಲೂ ಇದೆ.

---

ಗಲ್ಲಾ_ಮೇಲಿಂದ · ಮಂಗಳವಾರ, ರಾತ್ರಿ 11:50

ಡಬ್ಬಿ ಅಕ್ಕಾ, ಹೋಟೆಲಿನವನ ಮಾತು ಕೇಳಿ. ನಾವು ಹೊರಗೆ ಕರಿ ಹಲಗೆ ಇಡುತ್ತೇವೆ. ಅದರಲ್ಲಿ "ಹೋಟೆಲ್ ಇದೆ, ಹೋಟೆಲ್ ಇದೆ" ಅಂತ ಬರೆಯುವುದಿಲ್ಲ. "ಇಂದು: ಹಲಸಿನಕಾಯಿ ಪಲ್ಯ, ಬಸಳೆ ಸಾಂಬಾರು" ಅಂತ ಬರೆಯುತ್ತೇವೆ. ದಾರಿಯಲ್ಲಿ ಹೋಗುವವನು ನಿಲ್ಲುವುದು ಬಸಳೆ ನೋಡಿ.

ನೀವು ಹೇಗೂ ದಿನಾ ಒಂದು ಪದ ಬರೆಯುತ್ತೀರಿ. ಅದರ ಬದಲು ನಾಳೆ ಡಬ್ಬಿಯಲ್ಲಿ ಏನಿದೆ ಅಂತ ಬರೆಯಿರಿ. ಥ್ರೆಡ್ ಮೇಲೆ ಬರುವುದು ಹೇಗೂ ಬರುತ್ತದೆ. ಗೊಣಗುವವರೂ ಓದುತ್ತಾರೆ.

---

ಮಾಡರೇಟರ್_ಠಾಣೆ · ಬುಧವಾರ, ಬೆಳಗ್ಗೆ 7:20

ಎರಡು ದಿನ ಊರಲ್ಲಿರಲಿಲ್ಲ. ಒಟ್ಟಿಗೆ ಹೇಳುತ್ತೇನೆ.

ಡೊಂಬಿವ್ಲಿ ಥ್ರೆಡ್‌ಗೆ ಬೀಗ ಹಾಕಿ, ಆ ಫೋನ್ ನಂಬರ್ ತೆಗೆದಿದ್ದೇನೆ. ಬಾಡಿಗೆ, ಮಾರಾಟ, ಕೆಲಸ ಖಾಲಿ ಇದೆ ಅನ್ನುವ ಥ್ರೆಡ್‌ಗಳಿಗೆ ಇನ್ನು ಮೇಲೆ ಮೂರು ತಿಂಗಳಿಗೆ ತಾನಾಗಿ ಬೀಗ ಬೀಳುತ್ತದೆ. ಮನೆ ಒಂದು ಸಲ ಹೋದರೆ ಹೋಯಿತು, ಅದನ್ನು ಎಬ್ಬಿಸಿ ಯಾರಿಗೂ ಲಾಭ ಇಲ್ಲ. ಅಡುಗೆ, ಪ್ರಯಾಣ, ಶಾಲೆ, ಕಾಗದಪತ್ರಗಳ ಥ್ರೆಡ್‌ಗಳಿಗೆ ಬೀಗ ಇಲ್ಲ. ಪುಣೆಯವರು ಹೇಳಿದ ಕಾರಣವೇ. ತಿದ್ದುಪಡಿ ಬರೆಯಲು ಜಾಗ ಬೇಕು. ಆದರೆ ವರ್ಷ ದಾಟಿದ ಥ್ರೆಡ್‌ಗೆ ಉತ್ತರ ಬರೆಯಲು ಹೋದರೆ "ಇದರಲ್ಲಿ ಕೊನೆಯ ಮಾತು ಬಂದು ಇಷ್ಟು ಕಾಲ ಆಯಿತು, ಮುಂದುವರಿಸುತ್ತೀರಾ?" ಅಂತ ಒಂದು ಎಚ್ಚರಿಕೆ ಬರುವ ಹಾಗೆ ಮಾಡುತ್ತಿದ್ದೇವೆ. ಡಿಸ್ಕೋರ್ಸ್‌ನಲ್ಲಿ ಇಂಥದ್ದು ಈಗಾಗಲೇ ಇದೆ.

ಬರೀ "ಬಂಪ್", "ಮೇಲಕ್ಕೆ", ".", "ಫಾಲೋಯಿಂಗ್" ಅನ್ನುವ ಪೋಸ್ಟ್‌ಗಳನ್ನು ಅಳಿಸುತ್ತೇನೆ. ಅಳಿಸಿದರೆ ಥ್ರೆಡ್ ಹಳೇ ಜಾಗಕ್ಕೆ ಹೋಗುತ್ತದೆ, ಹಾಗಾಗಿ ಬರೆದದ್ದು ವೇಸ್ಟ್. ಉತ್ತರ ಬಂದಾಗ ತಿಳಿಯಬೇಕು ಅಂತಿದ್ದರೆ ಮೇಲೆ ಗಂಟೆಯ ಚಿತ್ರ ಇದೆ, ಅದನ್ನು ಒತ್ತಿ. ಮೇಲ್ ಬರುತ್ತದೆ.

ಉತ್ತರವೇ ಸಿಗದವರಿಗಾಗಿ ಒಂದು ಬಟನ್ ತೆರೆದಿದ್ದೇನೆ. ನಮ್ಮ ವೇದಿಕೆ ಓಡುವುದು ಪಿಎಚ್‌ಪಿಬಿಬಿ ಅನ್ನುವ ಸಾಫ್ಟ್‌ವೇರಿನಲ್ಲಿ. ಅದರಲ್ಲಿ ಏನೂ ಬರೆಯದೆಯೇ ಥ್ರೆಡ್ ಮೇಲೆತ್ತುವ ಸೌಲಭ್ಯ ಮೊದಲೇ ಇತ್ತು, ನಾವು ಮುಚ್ಚಿಟ್ಟಿದ್ದೆವು. ಕೊನೆಯ ಪೋಸ್ಟ್ ಬಂದು ಅಡ್ಮಿನ್ ಇಟ್ಟಷ್ಟು ಸಮಯ ಕಳೆದ ಮೇಲೆ ಪುಟದ ಕೆಳಗೆ ಆ ಬಟನ್ ಕಾಣುತ್ತದೆ. ಥ್ರೆಡ್ ಶುರು ಮಾಡಿದವರು ಅಥವಾ ಕೊನೆಯಲ್ಲಿ ಬರೆದವರು ಮಾತ್ರ ಒತ್ತಬಹುದು, ದಾರಿಹೋಕರಿಗೆ ಆಗುವುದಿಲ್ಲ. ನಾನು ಸದ್ಯಕ್ಕೆ ಎರಡು ದಿನ ಅಂತ ಇಟ್ಟಿದ್ದೇನೆ. ಮಾಮಿ, ನಿಮ್ಮಂಥವರಿಗಾಗಿಯೇ ಇದು.

ಪಿನ್ ಮಾಡಿ ಅಂತ ದಿನಾ ನಾಲ್ಕು ಜನ ಕೇಳುತ್ತೀರಿ. ಪಿನ್ ಮಾಡಿದ್ದು ಗಡಿಯಾರಕ್ಕೆ ಸಿಗುವುದಿಲ್ಲ, ಎಲ್ಲಕ್ಕಿಂತ ಮೇಲೇ ಇರುತ್ತದೆ, ನಿಜ. ಆದರೆ ಒಮ್ಮೆ ಹದಿನಾಲ್ಕು ಪಿನ್ ಮಾಡಿ ನೋಡಿದ್ದೇವೆ. ಮೊಬೈಲಿನಲ್ಲಿ ಹೊಸ ಥ್ರೆಡ್ ಕಾಣಲು ಎರಡು ಸಲ ಬೆರಳು ಸರಿಸಬೇಕಾಗಿತ್ತು. ಎಲ್ಲರೂ ಪಿನ್‌ಗಳನ್ನು ಗೋಡೆಯ ಕ್ಯಾಲೆಂಡರ್ ಥರ ನೋಡದೇ ದಾಟಿಬಿಡುತ್ತಿದ್ದರು. ಈಗ ಮೂರೇ.

---

ಧಾರವಾಡದಿಂದ_ಪುಣೆಗೆ · ಬುಧವಾರ, ಬೆಳಗ್ಗೆ 10:05

ಮಾಡರೇಟರ್ ಸಾಹೇಬರಿಗೆ ಶಹಬ್ಬಾಸ್.

ಬೇರೆ ಕಡೆ ಇದನ್ನು ಹೇಗೆ ಬಗೆಹರಿಸಿದ್ದಾರೆ ಅಂತ ನೋಡಿದರೆ ಮಜಾ ಇದೆ. ಜಪಾನಿನಲ್ಲಿ 1999ರಲ್ಲಿ ಶುರುವಾದ 2ಚಾನೆಲ್ ಅನ್ನುವ ದೊಡ್ಡ ವೇದಿಕೆಯಲ್ಲಿ ಒಂದು ಉಪಾಯ ಇತ್ತು. ಉತ್ತರ ಬರೆಯುವಾಗ ಇಮೇಲ್ ಖಾನೆಯಲ್ಲಿ "ಸಾಗೆ" ಅಂತ ಬರೆದರೆ ಉತ್ತರ ಸೇರುತ್ತದೆ, ಆದರೆ ಥ್ರೆಡ್ ಮೇಲೆ ಬರುವುದಿಲ್ಲ. ಅವರ ಭಾಷೆಯಲ್ಲಿ ಸಾಗೆ ಅಂದರೆ ಇಳಿಸುವುದು, ಆಗೆ ಅಂದರೆ ಏರಿಸುವುದು. "ನನ್ನ ಮಾತು ಅಷ್ಟೇನೂ ದೊಡ್ಡದಲ್ಲ, ಎಲ್ಲರಿಗೂ ತೊಂದರೆ ಯಾಕೆ" ಅಂತ ಮರ್ಯಾದೆಗೆ ಬಳಸುತ್ತಿದ್ದರು. ಆಮೇಲೆ 4ಚಾನ್ ಅನ್ನುವ ಇಂಗ್ಲಿಷ್ ವೇದಿಕೆಗೆ ಬಂದಾಗ ಅದು ಬೈಗುಳ ಆಯಿತು. "ನಿನ್ನ ಥ್ರೆಡ್ ಮೇಲೆತ್ತುವ ಯೋಗ್ಯತೆ ಇಲ್ಲದ್ದು" ಅಂತ ಹೇಳಿ ಹೋಗುವುದು! ಒಂದೇ ಪದ, ಊರು ಬದಲಾದರೆ ಅರ್ಥ ಉಲ್ಟಾ. ಅಲ್ಲಿ ಇನ್ನೊಂದು ಪದ್ಧತಿಯೂ ಇದೆ. ಇಷ್ಟು ಉತ್ತರ ದಾಟಿದ ಮೇಲೆ ಎಷ್ಟು ಬರೆದರೂ ಥ್ರೆಡ್ ಮೇಲೆ ಬರುವುದಿಲ್ಲ. ಮೆಲ್ಲಗೆ ಕೆಳಗೆ ಜಾರಿ, ಕೊನೆಯ ಪುಟದಿಂದ ಬಿದ್ದರೆ ಮುಗಿಯಿತು. ಎಷ್ಟು ದೊಡ್ಡ ಜಗಳವೂ ಒಂದಿನ ಮುಗಿಯಲೇಬೇಕು.

ರೆಡಿಟ್‌ನದ್ದು ಬೇರೆಯೇ ದಾರಿ. ಅಲ್ಲಿ ಕಾಮೆಂಟ್ ಬರೆದರೆ ಪೋಸ್ಟ್ ಮೇಲೆ ಬರುವುದಿಲ್ಲ. ಓಟು ಮತ್ತು ಪೋಸ್ಟಿನ ವಯಸ್ಸು ಸೇರಿಸಿ ಲೆಕ್ಕ. ಹಾಗಾಗಿ ಅಲ್ಲಿ "ಬಂಪ್" ಅಂತ ಬರೆಯುವುದು ನಿಂತ ಗಾಡಿಗೆ ಚಾಬಿ ಇಲ್ಲದೆ ಹಾರ್ನ್ ಹೊಡೆದ ಹಾಗೆ. ಆದರೆ ಅಲ್ಲಿ ಎರಡು ದಿನ ಹಳೆಯದಾದ ಪ್ರಶ್ನೆಯನ್ನು ಯಾರೂ ಮತ್ತೆ ಎತ್ತುವುದೂ ಇಲ್ಲ. ಅದೇ ಪ್ರಶ್ನೆಯನ್ನು ತಿಂಗಳಿಗೊಮ್ಮೆ ಹೊಸದಾಗಿ ಕೇಳುತ್ತಲೇ ಇರುತ್ತಾರೆ.

ನಮ್ಮ ವಾಟ್ಸಾಪ್ ಗ್ರೂಪುಗಳ ಕಥೆಯೂ ಇದೇ ಅಲ್ವಾ? ಯಾವ ಗ್ರೂಪಿನಲ್ಲಿ "ಶುಭೋದಯ" ಬಂತೋ ಅದು ಮೇಲೆ. ತಂಗಿ ಒಂದು ವಾರದ ಹಿಂದೆ ಕೇಳಿದ ದುಡ್ಡಿನ ಮೆಸೇಜು ಕೆಳಗೆ.

---

ಥಾಣೆಯ_ತುಳುವ · ಬುಧವಾರ, ಬೆಳಗ್ಗೆ 10:40

ಎಲ್ಲ ಸರಿ, ಈ ಬಂಪಿಗೆ ಒಂದು ಕನ್ನಡ ಪದ ಇಲ್ಲವಾ? "ಮೇಲೆತ್ತು" ಅಂದರೆ ಹೊರೆ ಎತ್ತಿದ ಹಾಗಿದೆ.

---

ಗಲ್ಲಾ_ಮೇಲಿಂದ · ಬುಧವಾರ, ಮಧ್ಯಾಹ್ನ 3:30

ಎಬ್ಬಿಸು. ಮಲಗಿದ್ದನ್ನು ಎಬ್ಬಿಸುವುದು. ಸುಮ್ನೆ ಎಬ್ಬಿಸಿದರೆ ಬೈಗುಳ, ಕಾಫಿ ಹಿಡಿದು ಎಬ್ಬಿಸಿದರೆ ಬೈಗುಳ ಇಲ್ಲ.

---

ಮೀರಾರೋಡ್_ಡಬ್ಬಿ · ಗುರುವಾರ, ಬೆಳಗ್ಗೆ 9:02

ಗಲ್ಲಾ ಅಣ್ಣನ ಮಾತು ಕೇಳಿ ನಿನ್ನೆ "ಮೇಲಕ್ಕೆ" ಬರೆಯಲಿಲ್ಲ. "ಗುರುವಾರದ ಡಬ್ಬಿ: ಕುಚ್ಚಲಕ್ಕಿ ಅನ್ನ, ಮಂಗಳೂರು ಸೌತೆ ಹುಳಿ, ಅಲಸಂಡೆ ಪಲ್ಯ" ಅಂತ ಬರೆದೆ. ಮೂರು ಹೊಸ ಫೋನು. ಅದರಲ್ಲಿ ಒಂದು ಬೋರಿವ್ಲಿಯಿಂದ. ಹೆಸರು ಹೇಳುವುದಿಲ್ಲ, ಫಾಸ್ಟ್ ಗಾಡಿಯಲ್ಲಿ ಹೋಗುವವರು.

ಹಳೇ ಹನ್ನೊಂದು ಪುಟದ "ಮೇಲಕ್ಕೆ"ಗಳನ್ನು ನಾನೇ ಕೂತು ಅಳಿಸುತ್ತಿದ್ದೇನೆ. ಕೈ ನೋವು ಬಂತು.

---

ಬೋರಿವ್ಲಿ_ಫಾಸ್ಟ್ · ಗುರುವಾರ, ಬೆಳಗ್ಗೆ 9:15

ಸೌತೆ ಹುಳಿ ಅಂದರೆ ಮನುಷ್ಯ ಏನು ಮಾಡುವುದು.

---

ಘಾಟ್ಕೋಪರ್_ಕೋಡ್ · ಗುರುವಾರ, ರಾತ್ರಿ 9:30

ಇಷ್ಟೆಲ್ಲ ಮಾತಾಡಿ ಮಾಮಿಯ ಎಲೆ ಮರೆತೇ ಹೋಯಿತು! ಈಗ ಹುಡುಕಿದೆ. ಮಾಮಿ, ನೀವು ಹೊಸ ಥ್ರೆಡ್ ಹಾಕುವ ಮೊದಲು "ಪತ್ರೊಡೆ" ಅಂತ ಹುಡುಕು ಖಾನೆಯಲ್ಲಿ ಬರೆದಿದ್ದರೆ ಸಿಗುತ್ತಿತ್ತು. 2016ರಲ್ಲೇ ಒಂದು ಥ್ರೆಡ್ ಇದೆ, "ಆಟಿ ತಿಂಗಳಿಗೆ ಕೆಸುವಿನ ಎಲೆ". ಹತ್ತೊಂಬತ್ತು ಉತ್ತರ. ಯಾರೋ ಎಲ್ಲಾ ವಿವರವಾಗಿ ಬರೆದಿದ್ದಾರೆ. ಮಾಟುಂಗಾ ಸ್ಟೇಷನ್ ಹತ್ತಿರದ ಮಾರ್ಕೆಟ್ಟಿನಲ್ಲಿ, ಹೂವಿನ ಸಾಲು ದಾಟಿದ ಮೇಲೆ ಕೇಳಿ. ಕೆಸು ಅನ್ನಬೇಡಿ, ಮರಾಠಿಯಲ್ಲಿ ಅಳೂ ಅನ್ನಿ. ಅದರಲ್ಲೂ ವಡಿಗೆ, ಅಂದರೆ ಅವರ ಪತ್ರೊಡೆಗೆ, ಬೇಕು ಅಂತ ಹೇಳಿ, ಇಲ್ಲದಿದ್ದರೆ ಸಾರಿಗೆ ಹಾಕುವ ಹಸಿರು ದಂಟಿನದು ಕೊಟ್ಟುಬಿಡುತ್ತಾರೆ. ಕಪ್ಪು ದಂಟಿನದು ನೋಡಿ ತೆಗೆದುಕೊಳ್ಳಿ.

ಆ ಥ್ರೆಡ್ ಒಂಬತ್ತನೇ ವರ್ಷವೋ ಏನೋ ಮಲಗಿದೆ. ನೀವು ಹೋಗಿ ತಂದು, ಈಗಲೂ ಸಿಗುತ್ತದಾ ಅಂತ ಅಲ್ಲೇ ಬರೆಯಿರಿ. ಕಾಫಿ ಹಿಡಿದು ಎಬ್ಬಿಸಿದ ಹಾಗಾಗುತ್ತದೆ.

---

ಮುಲುಂಡ್_ಮಾಮಿ · ಭಾನುವಾರ, ಸಂಜೆ 6:15

ಹೋಗಿ ಬಂದೆ ಮಾರಾಯ್ರೆ. ಮುಲುಂಡ್‌ನಿಂದ ಸ್ಲೋ ಗಾಡಿ ಹಿಡಿದು ಮಾಟುಂಗಾಕ್ಕೆ ಹೋದೆ. ಛತ್ರಿ ಇದ್ದರೂ ಒದ್ದೆ. ಹೂವಿನ ಸಾಲು ದಾಟಿದ ಮೇಲೆ ಒಬ್ಬಳು ಕೂತಿದ್ದಳು. "ಅಳೂ, ವಡಿಸಾಠಿ" ಅಂದೆ. ಕಪ್ಪು ದಂಟಿನ ದೊಡ್ಡ ದೊಡ್ಡ ಎಲೆ, ಹತ್ತು ಎಲೆಯ ಕಟ್ಟು. ಮೂರು ಕಟ್ಟು ತಂದೆ. ಮರಕೆಸು ಇಲ್ಲವಂತೆ. ಅದು ಊರಲ್ಲೇ ಆಗಬೇಕು.

ಎಲೆಯ ಹಿಂದಿನ ನಾರು ಸೀಳುವಾಗ ಕೈ ತುರಿಸಿತು. ಹುಣಸೆ ರಸ ಹಚ್ಚಿಕೊಂಡೆ. ಹಿಟ್ಟಿಗೂ ಹುಣಸೆ ಸ್ವಲ್ಪ ಜಾಸ್ತಿಯೇ ಹಾಕಿದೆ, ಇಲ್ಲದಿದ್ದರೆ ಗಂಟಲು ಕೆರೆಯುತ್ತದೆ. ಈಗ ಹಬೆಯಲ್ಲಿ ಬೇಯುತ್ತಿದೆ.

ಎಲ್ಲಾ 2016ರ ಥ್ರೆಡ್‌ನಲ್ಲಿ ಬರೆದೆ. ನನ್ನ ಹೊಸ ಥ್ರೆಡ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಅಳಿಸಿಬಿಡಿ ಮಾಡರೇಟರೇ. ಪತ್ರೊಡೆ ಮಾತು ಇನ್ನು ಅಲ್ಲೇ ಆಗಲಿ.

ಆದರೆ ಒಂದು ವಿಷಯ ಹೇಳಲೇಬೇಕು. ನಾನು ಬರೆದು ಅರ್ಧ ಗಂಟೆ ಆಗಿರಲಿಲ್ಲ, ಅಲ್ಲಿ ಒಂದು ಉತ್ತರ ಬಂತು. 2016ರಲ್ಲಿ ಅಷ್ಟು ವಿವರ ಬರೆದಿದ್ದರಲ್ಲ, ಅವರೇ! ಆ ಗಂಟೆಯ ಚಿತ್ರ ಒತ್ತಿದ್ದರಂತೆ, ಇಷ್ಟು ವರ್ಷದ ಮೇಲೆ ಮೇಲ್ ಹೋಗಿದೆ. ಮುಂಬೈ ಬಿಟ್ಟು ಕುಂದಾಪುರದ ಹತ್ತಿರ ಊರಿಗೆ ಹೋಗಿ ನಾಲ್ಕು ವರ್ಷ ಆಯಿತಂತೆ. "ಈಗ ಹಿತ್ತಲ ಮಾವಿನ ಮರದಲ್ಲೇ ಮರಕೆಸು ಇದೆ, ಮಾಟುಂಗಾ ಯಾಕೆ" ಅಂತ ನಗಾಡಿದ್ದಾರೆ. ಆಮೇಲೆ ಕೇಳಿದ್ದಾರೆ, "ಹೂವಿನ ಸಾಲು ದಾಟಿದ ಮೇಲೆ ಒಬ್ಬರು ಅಜ್ಜಿ ಗೋಣಿ ಹಾಸಿ ಕೂರುತ್ತಿದ್ದರು, ಎಲೆ ಎಣಿಸುವಾಗ ಒಂದು ಜಾಸ್ತಿ ಇಡುತ್ತಿದ್ದರು. ಇನ್ನೂ ಇದ್ದಾರಾ?"

ನಾನು ಅಡುಗೆ ಮನೆಗೆ ಹೋಗಿ ಉಳಿದ ಕಟ್ಟು ಬಿಚ್ಚಿ ಎಣಿಸಿದೆ. ಹನ್ನೊಂದು ಇತ್ತು. ಕೂತಿದ್ದವಳಿಗೆ ಹೆಚ್ಚೆಂದರೆ ಮೂವತ್ತು ವಯಸ್ಸು. ಮಗಳೋ ಸೊಸೆಯೋ, ಬುಧವಾರ ಮತ್ತೆ ಹೋಗಿ ಕೇಳಿಕೊಂಡು ಬಂದು ಅಲ್ಲಿ ಬರೆಯುತ್ತೇನೆ ಅಂದಿದ್ದೇನೆ.